ಕೂಲಿ ಹೆಂಗಸರ ನಾಟಕಕ್ಕೆ ಹಾಡು ಯಾರು ಕಟ್ಟಬೇಕು?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರು. ಕಾಫಿಗೆ ರೇಟು ಬಂದಿದೆ, ನಮ್ಮ ಕೂಲಿಗೆ ಬಂದಿಲ್ಲ. ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಇದನ್ನೇ ಹಾಡು ಇರುವ ನಾಟಕ ಮಾಡಿ ಮೇ ದಿನಕ್ಕೆ ಆಡಬೇಕು ಅಂತ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾತಾಯಿತು. ಪರಿಚಯದ ಮೇಷ್ಟ್ರೊಬ್ಬರು ಎಲ್ಲಾ ಬರೆದು ಕೊಡ್ತೀನಿ ಅಂದಿದ್ದಾರೆ. ಕಷ್ಟಕಾಲದಲ್ಲಿ ದುಡಿಯುವ ಹೆಂಗಸರು ಹೀಗೆ ನಾಟಕ ಆಡಿದ್ದು ಎಲ್ಲಾದರೂ ಇದೆಯಾ? ಅಲ್ಲಿ ಮಾತು ಅವರದೇ ಆಗಿತ್ತಾ, ಬೇರೆಯವರು ಬರೆದದ್ದಾ? ನಮ್ಮಲ್ಲಿ ಹಾರ್ಮೋನಿಯಂ ನುಡಿಸುವವರೂ ಇಲ್ಲ.

ಉತ್ತರ: ಇದೆ. ಅದೂ ಸಣ್ಣ ಮಟ್ಟದಲ್ಲಲ್ಲ.

1937ರಲ್ಲಿ ನ್ಯೂಯಾರ್ಕ್‌ನ ಬಟ್ಟೆ ಕಾರ್ಖಾನೆಗಳ ಕೆಲಸಗಾರರು 'ಪಿನ್ಸ್ ಅಂಡ್ ನೀಡಲ್ಸ್' ಎಂಬ ಸಂಗೀತ ನಾಟಕ ಆಡಿದರು. ಅಮೆರಿಕದ ಮಹಾ ಕುಸಿತದ ಕಾಲ ಅದು. 1929ರಲ್ಲಿ ಷೇರುಪೇಟೆ ಬಿದ್ದಿತ್ತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ನಾಟಕ ಮಾಡಿಸಿದ್ದು ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಯೂನಿಯನ್. 1900ರಲ್ಲಿ ಶುರುವಾದ ಸಂಘ. ಸದಸ್ಯರಲ್ಲಿ ಜಾಸ್ತಿ ಹೆಂಗಸರು, ಮುಖಂಡರಲ್ಲಿ ಜಾಸ್ತಿ ಗಂಡಸರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಹೆಂಗಸರ ಬದುಕು ಹೇಗಿತ್ತು ಎನ್ನುವುದಕ್ಕೆ ಒಂದು ಘಟನೆ ಸಾಕು. 1911ರಲ್ಲಿ ಅದೇ ಊರಿನ ಟ್ರಯಾಂಗಲ್ ಎಂಬ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಹೆಚ್ಚಿನವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗಿಯರು. ಇಂಥ ನೆನಪು ಇರುವ ಸಂಘ ನಾಟಕ ಮಾಡಿದರೆ ಅದು ಕಣ್ಣೀರಿನ ನಾಟಕ ಆಗಿರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಅವರು ಮಾಡಿದ್ದು ನಗಿಸುವ ನಾಟಕ.

ಹಗಲು ಹೊಲಿಗೆ ಮೆಷಿನ್ನಿನ ಮುಂದೆ ಕೂತವರೇ ಸಂಜೆ ತಾಲೀಮಿಗೆ ಬರುತ್ತಿದ್ದರು. ಮೊದಮೊದಲು ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಆಟ. ಉಳಿದ ದಿನ ಕಾರ್ಖಾನೆ ಇತ್ತಲ್ಲ. ರಂಗಮಂದಿರದಲ್ಲಿ ಮುನ್ನೂರು ಸೀಟೂ ಇರಲಿಲ್ಲ. ಸಂಗೀತಕ್ಕೆ ಎರಡು ಪಿಯಾನೊ, ಅಷ್ಟೇ. ಜನ ಮುಗಿಬಿದ್ದರು. ಕೊನೆಗೆ ನಟರು ಕಾರ್ಖಾನೆ ಬಿಟ್ಟು ಪೂರ್ತಿ ಇದಕ್ಕೇ ಬಂದರು. 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರು ಶ್ವೇತಭವನದಲ್ಲೂ ಆಡಿದರು. 1940ರ ಜೂನ್‌ನಲ್ಲಿ ನಿಲ್ಲಿಸುವಾಗ 1108 ಪ್ರದರ್ಶನ ಆಗಿತ್ತು.

ಅದರ ಹಾಡುಗಳಲ್ಲಿ ಏನಿತ್ತು ಎಂದು ಹೇಳಬೇಕು. ನಿಮಗೆ ಕೆಲಸಕ್ಕೆ ಬರುವುದು ಅದೇ. ಒಂದು ಹಾಡಿನಲ್ಲಿ ಚೆನ್ನಾಗಿ ಓದಿದ ಹುಡುಗಿಯೊಬ್ಬಳು ಬೇರೆ ಕೆಲಸ ಸಿಗದೆ ದೊಡ್ಡ ಅಂಗಡಿಯಲ್ಲಿ ಒಳಉಡುಪು ಮಾರುತ್ತಾಳೆ. ಇನ್ನೊಂದರಲ್ಲಿ ಒಬ್ಬಳು ಜಾಹೀರಾತಿನಲ್ಲಿ ಹೇಳಿದ ಸೋಪು, ಪೇಸ್ಟು, ಕ್ರೀಮು ಎಲ್ಲಾ ಹಚ್ಚಿಕೊಳ್ಳುತ್ತಾಳೆ, ಆದರೂ ಒಬ್ಬನೂ ತನ್ನ ಕಡೆ ತಿರುಗಿ ನೋಡುವುದಿಲ್ಲ ಎಂದು ಗೋಳಾಡುತ್ತಾಳೆ. ಮತ್ತೊಂದು ಹಾಡು ವಾರದ ರಜೆಯ ಬಗ್ಗೆ. ಭಾನುವಾರ ಪಾರ್ಕಿಗೆ ಹೋಗಿ ಕೂರುವ ಸುಖ, ಅಷ್ಟೇ ವಿಷಯ. ಯೂನಿಯನ್ನಿನ ಮಾತೂ ಇತ್ತು, ಸರ್ವಾಧಿಕಾರಿಗಳ ಮೇಲೆ ಚಾಟಿಯೂ ಇತ್ತು. ಆದರೆ ಜನ ಹಿಡಿದುಕೊಂಡದ್ದು ಈ ಸಣ್ಣ ಸಣ್ಣ ಸಂಗತಿಗಳನ್ನು. ದುಡಿಯುವ ಹೆಂಗಸಿಗೆ ಹೊಟ್ಟೆ ಇದೆ, ಆಸೆಯೂ ಇದೆ. ಅವಳಿಗೆ ಪ್ರೀತಿ ಬೇಕು, ರಜೆ ಬೇಕು, ಒಳ್ಳೆ ಸೀರೆ ಬೇಕು. ಇದನ್ನು ರಂಗದ ಮೇಲೆ ಧೈರ್ಯವಾಗಿ ಹೇಳಿದ್ದು ಆ ನಾಟಕದ ದೊಡ್ಡತನ ಎಂದು ನನ್ನ ಅಭಿಪ್ರಾಯ.

ನಮ್ಮ ಕನ್ನಡದ ಹೋರಾಟದ ನಾಟಕಗಳಲ್ಲಿ ಇದೇ ಕಡಿಮೆ. 1975ರಲ್ಲಿ ಹುಟ್ಟಿದ ಸಮುದಾಯ ತಂಡ 1979ರಲ್ಲಿ ಜಾಥಾ ಮಾಡಿ ಊರೂರಿಗೆ ನಾಟಕ ಒಯ್ದಿತು. ಬೀದಿನಾಟಕ, ಹೋರಾಟದ ಹಾಡು ಎಂದರೆ ಏನು ಎಂದು ಕರ್ನಾಟಕಕ್ಕೆ ತೋರಿಸಿಕೊಟ್ಟವರಲ್ಲಿ ಅವರು ಮುಖ್ಯರು. ಅವರ ಬಗ್ಗೆ ನನಗೆ ದೊಡ್ಡ ಗೌರವ. ಆದರೂ ಆ ಕಾಲದಿಂದ ಇವತ್ತಿನವರೆಗೆ ಬೀದಿಯಲ್ಲಿ ಕಾಣುವ ಕೂಲಿ ಹೆಂಗಸು ಹೆಚ್ಚಾಗಿ ಒಂದೋ ಅಳುವ ತಾಯಿ, ಇಲ್ಲವೇ ಮುಷ್ಟಿ ಎತ್ತಿ ನಿಂತವಳು. ತಮಾಷೆ ಮಾಡುವ ಹೆಂಗಸು, ತೋಟದ ಲೆಕ್ಕ ಬರೆಯುವ ರೈಟರ್ ನಡಿಗೆಯನ್ನು ಅಣಕಿಸುವ ಹೆಂಗಸು ಎಲ್ಲಿ? ತೋಟದಲ್ಲಿ ಬೇಕಾದಷ್ಟು ಇದ್ದಾರೆ, ಅಲ್ವಾ? ರಂಗದ ಮೇಲೆ ಬರುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಮಾತು ಅವರದೇ ಆಗಿತ್ತಾ?

ನ್ಯೂಯಾರ್ಕ್‌ನ ಆ ನಾಟಕದ ಹಾಡು ಬರೆದವರು ಹೆರಾಲ್ಡ್ ರೋಮ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ ಕಟ್ಟಡ ವಿನ್ಯಾಸ ಕಲಿತವರು. ಕುಸಿತದ ಕಾಲದಲ್ಲಿ ಆ ಕೆಲಸಕ್ಕೆ ಸಂಬಳ ಹುಟ್ಟದೆ ಹಾಡು ಬರೆಯಲು ಬಂದರು. ಹೆಂಗಸರ ಬಾಯಲ್ಲಿ ಬಂದ ಮಾತು ಗಂಡಸೊಬ್ಬ ಬರೆದದ್ದು. ಒಳ್ಳೆ ಮಾತೇ. ಆದರೂ ಅವರ ಮಾತಲ್ಲ.

ಅದೇ ವರ್ಷ ಅದೇ ಊರಿನಲ್ಲಿ ಇನ್ನೊಂದು ನಡೆಯಿತು. ಮಾರ್ಕ್ ಬ್ಲಿಟ್ಸ್‌ಸ್ಟೈನ್ ಬರೆದ 'ದಿ ಕ್ರೇಡಲ್ ವಿಲ್ ರಾಕ್'. ಒಂದು ಉಕ್ಕಿನ ಪಟ್ಟಣ, ಅದನ್ನು ಕೈಯಲ್ಲಿ ಹಿಡಿದ ಒಬ್ಬ ಮಾಲೀಕ, ಯೂನಿಯನ್ ಕಟ್ಟಲು ಹೊರಟ ಜನ. ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಡಲು ಸರ್ಕಾರ 1935ರಲ್ಲಿ ಶುರು ಮಾಡಿದ ಫೆಡರಲ್ ಥಿಯೇಟರ್ ಯೋಜನೆಯ ನಾಟಕ ಇದು. ನಿರ್ದೇಶನ ಆರ್ಸನ್ ವೆಲ್ಸ್ ಅವರದು. ಆಟ ಶುರುವಾಗುವ ಮೊದಲೇ ಸರ್ಕಾರ ರಂಗಮಂದಿರ ಮುಚ್ಚಿಸಿತು. 1937ರ ಜೂನ್ 16ರ ಸಂಜೆ ತಂಡವೂ ಪ್ರೇಕ್ಷಕರೂ ಇಪ್ಪತ್ತು ಬೀದಿ ದಾಟಿ ಬೇರೊಂದು ಮಂದಿರಕ್ಕೆ ಹೋದರು. ಆದರೆ ನಟರ ಸಂಘ ರಂಗದ ಮೇಲೆ ಹತ್ತಬಾರದು ಎಂದಿತ್ತು. ವೇದಿಕೆಯಲ್ಲಿ ಬ್ಲಿಟ್ಸ್‌ಸ್ಟೈನ್ ಒಬ್ಬರೇ ಪಿಯಾನೊ ಮುಂದೆ ಕೂತರು. ಎಲ್ಲಾ ಪಾತ್ರ ತಾನೇ ಹಾಡುವ ತಯಾರಿಯಲ್ಲಿ ಮೊದಲ ಹಾಡು ಎತ್ತಿಕೊಂಡರು.

ಆಗ ಪ್ರೇಕ್ಷಕರ ನಡುವಿನಿಂದ ಆಲಿವ್ ಸ್ಟಾಂಟನ್ ಎಂಬ ನಟಿ ಎದ್ದು ನಿಂತು ಹಾಡನ್ನು ತಾನು ಮುಂದುವರಿಸಿದಳು. ಅವಳೂ ಸರ್ಕಾರದ ಆ ಪರಿಹಾರದ ಸಂಬಳದಲ್ಲೇ ಇದ್ದವಳು. ಅದು ಹೋಗಬಹುದು ಎಂದು ಗೊತ್ತಿತ್ತು. ಅವಳು ಎದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಾವು ಕೂತಲ್ಲಿಂದಲೇ ಎದ್ದು ಪಾತ್ರ ಮಾಡಿದರು. ಅವಳು ಮಾಡುತ್ತಿದ್ದದ್ದು ಬೀದಿಯಲ್ಲಿ ಮೈಮಾರಿ ಬದುಕುವ ಹೆಂಗಸಿನ ಪಾತ್ರ. ಆ ಮೊದಲ ಹಾಡಿನಲ್ಲಿ ಅವಳು ಹೇಳುವುದು ಏನು ಗೊತ್ತಾ? ವಾರಕ್ಕೆ ಎರಡು ದಿನ ಮಾತ್ರ ಕೆಲಸ, ಉಳಿದ ಐದು ದಿನ ತಾನು ಯಾರಿಗೂ ಬೇಡ ಅಂತ. ನಿಮ್ಮ ಪತ್ರದಲ್ಲಿ 'ವಾರಕ್ಕೆ ಎರಡು ದಿನ' ಎಂದು ಓದಿದ ತಕ್ಷಣ ನನಗೆ ಈ ಹಾಡೇ ಕಿವಿಗೆ ಬಿತ್ತು. ಅದೇ ನಾಟಕದಲ್ಲಿ ಎಲಾ ಹ್ಯಾಮರ್ ಎಂಬ ಇನ್ನೊಬ್ಬಳಿದ್ದಾಳೆ. ಅವಳ ಅಣ್ಣನಿಗೆ ಕಾರ್ಖಾನೆಯಲ್ಲಿ ಬೇಕೆಂದೇ ಅಪಘಾತ ಮಾಡಿಸಿ, ಕುಡಿದು ಬಿದ್ದ ಎಂದು ಡಾಕ್ಟರ್ ಬಾಯಲ್ಲಿ ಹೇಳಿಸುತ್ತಾರೆ. ಅವಳು ಡಾಕ್ಟರ ಎದುರು ನಿಂತು ಹಾಡುತ್ತಾಳೆ.

ಅಲ್ಲೂ ಬರೆದವನು ಗಂಡಸೇ. ಆದರೆ ಎದ್ದು ನಿಲ್ಲುವ ತೀರ್ಮಾನ ಆ ಹೆಂಗಸಿನದು. ಯಾರೂ ಬರೆದು ಕೊಟ್ಟಿರಲಿಲ್ಲ.

ಅದೇ ಕಾಲದ ಕಾಫಿಯ ಕಥೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೊಡಗಿನವರಿಗೆ ಹೇಳದೆ ಹೇಗೆ ಬಿಡುವುದು. ಬೆಲೆ ಬಿದ್ದಾಗ ಅದನ್ನು ಎತ್ತಲು ಬ್ರೆಜಿಲ್ ಸರ್ಕಾರ 1931ರಿಂದ 1944ರವರೆಗೆ ಸುಮಾರು 7.8 ಕೋಟಿ ಚೀಲ ಕಾಫಿ ಸುಟ್ಟು ಹಾಕಿತು. ನಮ್ಮ ಕಡೆಯ ಬೆಳೆಗಾರರೂ ಆಗಲೇ ನೆಲ ಕಚ್ಚಿದ್ದು. 1935ರ ಕಾಫಿ ಸೆಸ್ ಸಮಿತಿ ಹುಟ್ಟಿದ್ದಕ್ಕೆ ಹಿನ್ನೆಲೆ ಆ ದಿನಗಳೇ. 1932ರಲ್ಲಿ ಬರ್ಲಿನ್‌ನಲ್ಲಿ ನಾಟಕಕಾರ ಬ್ರೆಕ್ಟ್ ಚಿತ್ರಕಥೆಯಲ್ಲಿ ಕೈಜೋಡಿಸಿದ, ಹಾನ್ಸ್ ಐಸ್ಲರ್ ಸಂಗೀತ ಕೊಟ್ಟ 'ಕೂಲೆ ವಾಂಪೆ' ಎಂಬ ಸಿನಿಮಾ ಬಂತು. ನಿರುದ್ಯೋಗದ ಕಥೆ. ಕೊನೆಗೆ ರೈಲಿನಲ್ಲಿ ಜನ ಪೇಪರ್ ಓದುತ್ತಾ ಬ್ರೆಜಿಲ್‌ನಲ್ಲಿ ಕಾಫಿ ಸುಟ್ಟ ಸುದ್ದಿಗೆ ಜಗಳಕ್ಕೆ ಬೀಳುತ್ತಾರೆ. ಹಾಗಾದರೆ ಲೋಕವನ್ನು ಬದಲಾಯಿಸುವವರು ಯಾರು ಎಂದು ಒಬ್ಬ ಕೇಳುತ್ತಾನೆ. ಇದು ಯಾರಿಗೆ ಇಷ್ಟವಿಲ್ಲವೋ ಅವರು, ಎಂದು ಉತ್ತರ ಕೊಡುವುದು ಒಬ್ಬ ಯುವತಿ. ಕಾಫಿ ಕೊಯ್ಯುವ ಕೈಗಳು ಆ ಚಿತ್ರದಲ್ಲಿ ಕಾಣುವುದಿಲ್ಲ. ಆ ಜಾಗ ಇನ್ನೂ ಖಾಲಿ ಇದೆ.

ಮಾತು ಪೂರ್ತಿ ಹೆಂಗಸರದೇ ಆದ ನಾಟಕ ಬೇಕೆಂದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿ 1929ರಲ್ಲಿ ವಿ.ಟಿ. ಭಟ್ಟತಿರಿಪ್ಪಾಡ್ ಅವರು ನಂಬೂದಿರಿ ಬ್ರಾಹ್ಮಣರ ಹೆಂಗಸರು ಅಡುಗೆಮನೆಯಿಂದ ಹೊರಗೆ ಬರುವ ನಾಟಕ ಬರೆದರು. ದೊಡ್ಡ ಹೆಸರಾದ ನಾಟಕ. ಹೆಂಗಸರ ಬಿಡುಗಡೆಯ ಮಾತನ್ನು ಗಂಡಸು ಬರೆದಿದ್ದರು. ಹೆಚ್ಚು ಕಡಿಮೆ ಇಪ್ಪತ್ತು ವರ್ಷ ಆದ ಮೇಲೆ, 1948ರಲ್ಲಿ, ಅದೇ ಸಮುದಾಯದ ಹೆಂಗಸರು ತಾವೇ ಸೇರಿ ಒಂದು ನಾಟಕ ಕಟ್ಟಿದರು. 'ತೊಳಿಲ್ ಕೇಂದ್ರತ್ತಿಲೇಕ್ಕ್' ಅದರ ಹೆಸರು. ಕೆಲಸದ ಕೇಂದ್ರಕ್ಕೆ ಹೊರಟವಳ ಕಥೆ. ಮನೆ ಬಿಟ್ಟ ಹೆಂಗಸರು ಒಟ್ಟಿಗೆ ಇದ್ದು ದುಡಿದು ಬದುಕುವ ಒಂದು ಕೇಂದ್ರ ನಿಜವಾಗಿಯೂ ಇತ್ತು, ಕಥೆ ಅಲ್ಲಿಂದಲೇ ಬಂದದ್ದು. ಗಂಡಸು ಬರೆದ ನಾಟಕ ಬಾಗಿಲು ತೆರೆಯುವುದರ ಬಗ್ಗೆ ಇತ್ತು. ಹೆಂಗಸರು ಬರೆದದ್ದು ಬಾಗಿಲು ದಾಟಿದ ಮೇಲೆ ಅನ್ನಕ್ಕೆ ಏನು ಮಾಡುವುದು ಎಂಬುದರ ಬಗ್ಗೆ. ಬರೆಯುವವರು ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ. ನಾನು ನಿಮಗೆ ಹೇಳಬೇಕು ಅಂದುಕೊಂಡದ್ದು ಇದೇ.

ಹತ್ತಿರದ ಕಾಲದ್ದೂ ಒಂದಿದೆ. ನಾಟಕವಲ್ಲ, ಆದರೆ ನಿಮ್ಮಂಥವರದೇ ದನಿ. 2015ರ ಸೆಪ್ಟೆಂಬರ್‌ನಲ್ಲಿ ಮುನ್ನಾರಿನ ಟೀ ತೋಟದ ಹೆಂಗಸರು ರಸ್ತೆಗೆ ಬಂದು ಕೂತರು. ಬೋನಸ್ಸನ್ನು 20 ಪರ್ಸೆಂಟ್‌ನಿಂದ 10ಕ್ಕೆ ಇಳಿಸಿದ್ದರು. ಯೂನಿಯನ್ ಮುಖಂಡರನ್ನು ಹತ್ತಿರಕ್ಕೆ ಸೇರಿಸಲಿಲ್ಲ, 'ಪೊಂಬಿಳೈ ಒರುಮೈ' ಎಂದು ತಾವೇ ಹೆಸರಿಟ್ಟುಕೊಂಡರು. ಟೀ ಚಿಗುರಿನ ಬುಟ್ಟಿ ನಮಗೆ, ದುಡ್ಡಿನ ಬುಟ್ಟಿ ನಿಮಗೆ ಎಂಬ ಅರ್ಥದ ಘೋಷಣೆ ಕೂಗಿದರು. ಒಬ್ಬಳು ಎತ್ತುವುದು, ಉಳಿದವರು ಸೊಲ್ಲು ಹಿಡಿಯುವುದು. ಕೊನೆಗೆ ಬೋನಸ್ಸೂ ಮೇಲಿನ ಹಣವೂ ಸೇರಿ ಕೇಳಿದ 20 ಪರ್ಸೆಂಟ್ ಬಂತು. ಆ ಘೋಷಣೆಯನ್ನು ಯಾವ ಮುಖಂಡನೂ ಬರೆದು ಕೊಟ್ಟಂತಿಲ್ಲ. ಬುಟ್ಟಿ ಹೊತ್ತವರಿಗೇ ಬರುವ ಮಾತು ಅದು.

ಇನ್ನು ನಮ್ಮೂರು. ಕೊಡಗಿನಲ್ಲಿ ಹಾಡಿನ ನಾಟಕ ಹೊಸತಲ್ಲ. ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ಭಾಷೆಯಲ್ಲಿ ಯಯಾತಿಯ ನಾಟಕ ಬರೆದರು. ಆದರೆ ನನಗೆ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರ ಎನಿಸುವುದು ದೇವರಪುರದ ಕುಂಡೆ ಹಬ್ಬ. ಮೇ ತಿಂಗಳಲ್ಲಿ ಜೇನುಕುರುಬರು, ಯರವರು ವೇಷ ಹಾಕಿ, ಗಂಡಸರು ಹೆಂಗಸಿನ ಬಟ್ಟೆ ತೊಟ್ಟು, ಬಡಿಯುತ್ತಾ ಕುಣಿಯುತ್ತಾ ಎದುರು ಸಿಕ್ಕವರನ್ನೆಲ್ಲಾ ಬೈಯುತ್ತಾ ಗೋಣಿಕೊಪ್ಪ ಪೇಟೆ ಸುತ್ತುತ್ತಾರೆ. ದೇವರನ್ನೂ ಬಿಡುವುದಿಲ್ಲ. ಆ ಒಂದು ದಿನ ಯಾರಿಗೂ ಸಿಟ್ಟು ಬರುವ ಹಾಗಿಲ್ಲ. ವರ್ಷವೆಲ್ಲಾ ತೋಟದಲ್ಲಿ ತಲೆ ಬಗ್ಗಿಸಿದವರಿಗೆ ಬೈಯುವ ಹಕ್ಕು ಸಿಗುವ ದಿನ. ಇದಕ್ಕಿಂತ ಬಲವಾದ ರಾಜಕೀಯ ರಂಗಭೂಮಿ ನಮ್ಮ ಜಿಲ್ಲೆಯಲ್ಲಿ ಇಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ನೋಡಿ, ಅಲ್ಲೂ ಸೀರೆ ಉಟ್ಟು ಬೈಯುವವನು ಗಂಡಸು. ಸೀರೆ ಉಟ್ಟ ಹೆಂಗಸು ಹಾಗೆ ಹಾಡಿದರೆ ಏನಾಗುತ್ತದೆ? ನಿಮ್ಮ ನಾಟಕ ಅದನ್ನು ನೋಡಬಹುದು.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರನ್ನು ಬಿಡಬೇಡಿ, ಪೆನ್ನು ಹಿಡಿಯುವವರು ಬೇಕು. ಆದರೆ ಬರೆದು ಕೊಡಬೇಡಿ, ನಾವು ಹೇಳಿದ್ದನ್ನು ಬರೆದುಕೊಳ್ಳಿ ಎಂದು ಮೊದಲೇ ಹೇಳಿ. ಯಾವ ಸಾಲನ್ನೂ ಹಾಡುವವಳು ಬದಲಾಯಿಸಬಹುದು, ಅವಳ ಮಾತೇ ಕೊನೆ ಎಂದು ಒಪ್ಪಿಸಿಕೊಳ್ಳಿ. ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. 'ಶೋಷಣೆ', 'ಬಂಡವಾಳಶಾಹಿ' ಎಂಬ ಪದ ಬಂದ ಕಡೆಯೆಲ್ಲಾ ನಿಲ್ಲಿಸಿ, ಇದನ್ನು ನಾವು ತೋಟದ ಲೈನ್ ಮನೆಯ ನಲ್ಲಿ ಹತ್ತಿರ ಹೇಗೆ ಹೇಳ್ತೀವಿ ಎಂದು ಕೇಳಿಕೊಳ್ಳಿ.

ಶುರು ಎಲ್ಲಿಂದ? ನಾನಾದರೆ ತೂಕದ ದೃಶ್ಯದಿಂದ ಶುರು ಮಾಡುತ್ತೇನೆ. ಕೊಯ್ಲಿನ ಕಾಲ, ಸಂಜೆ, ಚೀಲ ಹೊತ್ತು ಸಾಲಾಗಿ ನಿಂತಿದ್ದೀರಿ. ಒಬ್ಬೊಬ್ಬರ ಹೆಸರು ಕೂಗುವುದು, ಚೀಲ ಕೊಕ್ಕೆಗೆ ಸಿಕ್ಕಿಸುವುದು, ರೈಟರ್ ಕೆ.ಜಿ. ಹೇಳುವುದು, ಬುಕ್ಕಿನಲ್ಲಿ ಬರೆಯುವುದು. ಇದರಲ್ಲಿ ಆಗಲೇ ತಾಳ ಇದೆ. ಹೆಸರು, ತೂಕ, ಕಡಿತ, ಮುಂದಿನವಳು. ಎಲೆ ಇದೆ ಎಂದು ಅರ್ಧ ಕೆ.ಜಿ. ಹೋಯಿತು, ಹಸಿರು ಕಾಯಿ ಇದೆ ಎಂದು ಇನ್ನರ್ಧ ಹೋಯಿತು. ಒಬ್ಬೊಬ್ಬಳೂ ತನ್ನ ಸರದಿಯಲ್ಲಿ ಎರಡೇ ಸಾಲು ಹಾಡಲಿ, ಆ ಕಡಿದ ಕೆ.ಜಿ.ಯಲ್ಲಿ ಏನು ಬರುತ್ತಿತ್ತು ಎಂದು ಹೇಳಲಿ. ಒಬ್ಬಳಿಗೆ ಮಗಳ ಬಸ್ ಪಾಸು. ಒಬ್ಬಳಿಗೆ ಮೈಕ್ರೋಫೈನಾನ್ಸ್ ಕಂತು. ಒಬ್ಬಳಿಗೆ ಲಿಪ್‌ಸ್ಟಿಕ್. ಲಿಪ್‌ಸ್ಟಿಕ್ ಅನ್ನು ಖಂಡಿತ ಬಿಡಬೇಡಿ. ಉಳಿದವರು ಸೊಲ್ಲು ಹಿಡಿಯಲಿ. ಹಾಡಿನಿಂದ ಹಾಡಿಗೆ ಲೆಕ್ಕ ಬೆಳೆಯಲಿ. ಕೊನೆಗೆ ರೈಟರ್ ಪಾತ್ರದವಳೇ ಮೊತ್ತ ಓದಲಿ. ಹೌದು, ರೈಟರ್ ಪಾತ್ರವನ್ನೂ ಹೆಂಗಸೇ ಮಾಡಬೇಕು. ಆ ನಡಿಗೆ, ಆ ಕೆಮ್ಮು, ಆ ಛತ್ರಿ ಹಿಡಿಯುವ ರೀತಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಮಳೆಗಾಲದ ಹಾಡು ಒಂದು. ಇಂಬಳ ಹತ್ತುವ ಕಾಲು, ಪ್ಲಾಸ್ಟಿಕ್ ಗೊಪ್ಪೆ, ಕೆಲಸ ಇಲ್ಲ ಎಂದು ವಾಪಸ್ ಬರುವ ದಾರಿ. ಆನೆಯ ಹಾಡು ಒಂದು ಬೇಕೇ ಬೇಕು, ಸಿದ್ದಾಪುರದ ಕಡೆಯವರಲ್ಲವಾ. ಬೆಳಿಗ್ಗೆ ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲ್ ನೋಡಿ ಹೊರಡುವ ಕೂಲಿ ಹೆಂಗಸು ನ್ಯೂಯಾರ್ಕ್‌ನ ಹಾಡಿನಲ್ಲಿ ಇಲ್ಲ. ಹಕ್ಕಿನ ಮಾತೂ ಇರಲಿ. 1951ರ ತೋಟ ಕಾರ್ಮಿಕರ ಕಾಯ್ದೆಯೇ 50 ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎಂದಿತ್ತು. 1976ರ ಕಾಯ್ದೆ ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂದಿತ್ತು. ಇದನ್ನು ಭಾಷಣ ಮಾಡಬೇಡಿ. ಮಗುವನ್ನು ಕಾಫಿ ಗಿಡದ ಕೆಳಗೆ ಮಲಗಿಸಿ ಕೊಯ್ಯುತ್ತಿರುವವಳ ಹತ್ತಿರ ಇನ್ನೊಬ್ಬಳು ಬಂದು ಕಾಯ್ದೆ ಓದಿ ಹೇಳಿದರೆ, ಅದೇ ದೃಶ್ಯ. ಜನ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಭಾಷೆಯನ್ನು ಒಂದೇ ಮಾಡಲು ಹೋಗಬೇಡಿ. ನಿಮ್ಮ ಗುಂಪಿನಲ್ಲಿ ಯರವ, ಮಲಯಾಳ, ತಮಿಳು, ತುಳು ಮಾತಾಡುವವರು ಇದ್ದೇ ಇರುತ್ತಾರೆ. ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಸೊಲ್ಲು ಕನ್ನಡದಲ್ಲಿರಲಿ, ಒಬ್ಬೊಬ್ಬಳ ಎರಡು ಸಾಲು ಅವಳ ಭಾಷೆಯಲ್ಲಿ ಇರಲಿ. ಅಸ್ಸಾಮಿನವಳನ್ನು ನಮ್ಮ ಕೂಲಿ ಕಡಿಮೆ ಮಾಡಿಸಲು ಬಂದವಳು ಎಂದು ತೋರಿಸುವ ಹಾಡು ಮಾತ್ರ ದಯವಿಟ್ಟು ಬೇಡ. ಅವಳನ್ನೂ ಸಾಲಿನಲ್ಲಿ ನಿಲ್ಲಿಸಿ, ಅವಳ ಚೀಲವೂ ತೂಗಲಿ.

ಭಯದ ಮಾತು. ಇರುತ್ತದೆ, ಅದು ಸುಳ್ಳಲ್ಲ. ಯಾವ ತೋಟದ ಹೆಸರೂ, ಯಾವ ಸಾಹುಕಾರರ ಮನೆತನದ ಹೆಸರೂ ಬೇಡ. ಲೈನ್ ಮನೆಯಲ್ಲಿ ಇರುವವರಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ, ಹಾಗಾಗಿ ಯಾರು ವೇದಿಕೆಗೆ ಬರಬೇಕು, ಯಾರು ಹಿಂದೆ ನಿಂತು ಸೊಲ್ಲು ಹಿಡಿಯಬೇಕು ಎಂದು ಅವರವರೇ ತೀರ್ಮಾನಿಸಲಿ. ಒತ್ತಾಯ ಮಾಡಬೇಡಿ. ಹಿಂದೆ ನಿಂತ ದನಿಯೂ ದನಿಯೇ. ತಾಲೀಮನ್ನು ಸಂಘದ ಮೀಟಿಂಗ್ ದಿನವೇ ಇಟ್ಟುಕೊಳ್ಳಿ, ಮಕ್ಕಳನ್ನು ಕರೆದುಕೊಂಡೇ ಬನ್ನಿ. ಕೊಯ್ಲು ಮುಗಿದ ಮೇಲೆ ಮಾರ್ಚ್, ಏಪ್ರಿಲ್ ಸಿಗುತ್ತದೆ. ಮೇ ಒಂದಕ್ಕೆ ನಲವತ್ತು ನಿಮಿಷದ ಆಟ ಕಟ್ಟಲು ಅಷ್ಟು ಸಾಕು.

ಹಾರ್ಮೋನಿಯಂ ಬೇಡ. ನಿಮ್ಮಲ್ಲಿ ಬಾರಿಸಲು ದುಡಿ ಇದೆ, ಯರವರಲ್ಲಿ ಚೀನಿ ಊದುವವರು ಇದ್ದಾರೆ, ತಗಡಿನ ಡಬ್ಬ ಎಲ್ಲರ ಮನೆಯಲ್ಲೂ ಇದೆ. ನುಡಿಸಲು ಬಂದವರಿಗೆ ಆ ದಿನದ ಕೂಲಿಯನ್ನು ಸಂಘದಿಂದಲೇ ಕೊಡಿ, ತಾಲೀಮಿಗೆ ಬಂದ ದಿನಕ್ಕೂ ಕೊಡಿ. ಶ್ರುತಿಗೆ ಒಬ್ಬಳು ಎತ್ತಿದ್ದನ್ನೇ ಉಳಿದವರು ಹಿಡಿದರೆ ಆಯಿತು. ಯಾರ ಗಂಟಲು ಗಟ್ಟಿ ಎಂದು ನಿಮಗೇ ಗೊತ್ತಿರುತ್ತದೆ. ಮೊದಲು ಅವಳನ್ನು ಒಪ್ಪಿಸಿ. ತೂಕದ ಹಾಡಿನ ಮೊದಲ ನಾಲ್ಕು ಸಾಲು ಆದ ಮೇಲೆ ನನಗೆ ಬರೆಯಿರಿ, ಮುಂದಿನದನ್ನು ಆಮೇಲೆ ಮಾತಾಡೋಣ.